ಎತ್ತಿಗೆ ಜ್ವರ, ಫಿರಂಗಿಗೆ ಬರೆ

ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರಿಗೆ, ಹಾಗೂ ನಮ್ಮ ಖಾನಾಪುರ, ಕಿತ್ತೂರುಗಳನ್ನೂ ಪ್ರತಿನಿಧಿಸುವ ಉತ್ತರ ಕನ್ನಡದ ಸದಸ್ಯರಿಗೆ,

ನಮಸ್ಕಾರ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಲೇತ್, ಎರಡು ಮಿಲ್ಲಿಂಗ್ ಯಂತ್ರ, ಒಂದು ಸಣ್ಣ ಕುಲುಮೆ ಇಟ್ಟುಕೊಂಡು ಮೂವತ್ತು ವರ್ಷಗಳಿಂದ ಕಬ್ಬಿಣದ ಕೆಲಸ ಮಾಡುತ್ತಿರುವವನು. ನನ್ನ ತಂದೆ ಮರಾಠಾ ಲಘು ಪದಾತಿ ದಳದಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಕ್ಯಾಂಪಿನ ಕಡೆಯಿಂದ ಬೆಳಗಿನ ಜಾವ ಓಡುತ್ತ ಬರುವ ಹುಡುಗರ ಬೂಟಿನ ಸದ್ದು ಕೇಳಿಸಿದರೆ, ನಿವೃತ್ತಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಅವರು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದರು. ಈಗ ಅವರಿಲ್ಲ.

ಸೇನಾ ಖರೀದಿಯಲ್ಲಿನ ಲಂಚದ ಬಗ್ಗೆ ತಮಗೆ ಬರೆಯಬೇಕೆಂದು ಕುಳಿತಾಗ ಮೊದಲ ಸಾಲೇ ಕಷ್ಟವಾಯಿತು. ಏಕೆಂದರೆ ನಾನೂ ಒಮ್ಮೆ ಕೊಟ್ಟವನು. ಅದನ್ನು ಬಚ್ಚಿಟ್ಟು ಉಳಿದದ್ದನ್ನೆಲ್ಲ ಬರೆದರೆ ಈ ಕಾಗದಕ್ಕೆ ಬೆಲೆ ಇರುವುದಿಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

2011ರ ಮಳೆಗಾಲ. ಸೇನೆಗೆ ವಾಹನದ ಬಿಡಿಭಾಗ ಪೂರೈಸುವ ಒಂದು ದೊಡ್ಡ ಕಂಪನಿ ನನಗೆ ಉಪಗುತ್ತಿಗೆ ಕೊಟ್ಟಿತ್ತು. ಲಾರಿಯ ಲೀಫ್ ಸ್ಪ್ರಿಂಗಿಗೆ ಹಾಕುವ ಬುಶ್‌ಗಳು, ಅಂದರೆ ಬಳೆಯಂಥ ಸಣ್ಣ ಉಕ್ಕಿನ ಭಾಗಗಳು, ಒಟ್ಟು ನಾಲ್ಕು ಸಾವಿರ, ಸುಮಾರು ಹನ್ನೆರಡು ಲಕ್ಷ ರೂಪಾಯಿಯ ಮಾಲು. ನನ್ನಂಥವನಿಗೆ ಅದು ದೊಡ್ಡ ಆರ್ಡರ್. ಪತ್ತಿನ ಸಹಕಾರಿ ಸಂಘದಲ್ಲಿ ಸಾಲ ತೆಗೆದು ಉಕ್ಕು ತರಿಸಿದೆ. ಮಾಲು ತಯಾರಾಯಿತು. ತಪಾಸಣೆಗೆ ಬಂದ ಅಧಿಕಾರಿ ಎರಡು ಬುಶ್ ಎತ್ತಿಕೊಂಡು, ಗಡಸುತನ ಸಾಲದು ಎಂದು ಬರೆದು, ಇಡೀ ಲಾಟನ್ನೇ ತಿರಸ್ಕರಿಸಿ ಹೋದರು. ನಾನು ಅದೇ ಎರಡು ಬುಶ್‌ಗಳನ್ನು ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷೆ ಮಾಡಿಸಿದೆ. ನಕ್ಷೆಯಲ್ಲಿ ಕೇಳಿದ ಗಡಸುತನವೇ ಬಂತು. ಆ ವರದಿಯನ್ನು ಕಳಿಸಿದೆ. ಉತ್ತರವಿಲ್ಲ. ಫೋನ್ ಮಾಡಿದರೆ, "ಸಾಹೇಬರು ಪ್ರವಾಸದಲ್ಲಿದ್ದಾರೆ." ಎರಡು ತಿಂಗಳು ಹಾಗೇ ಹೋಯಿತು. ಬೆಳಗಾವಿಯ ಮಳೆ ತಮಗೆ ಗೊತ್ತಿದೆ. ನಾಲ್ಕು ಸಾವಿರ ಬುಶ್‌ಗಳಿಗೆ ವಾರಕ್ಕೊಮ್ಮೆ ಎಣ್ಣೆ ಸವರಿ ತುಕ್ಕು ಕಾಯುವುದೇ ಒಬ್ಬ ಆಳಿನ ಕೆಲಸವಾಯಿತು. ಅತ್ತ ಬಡ್ಡಿ ಬೆಳೆಯುತ್ತಿತ್ತು.

ಆಮೇಲೆ ಸ್ಕೂಟರ್ ಮೇಲೆ ಒಬ್ಬ ಬಂದ. ಇಂಥವನಿಗೆ ಯಾವ ಕಚೇರಿಯ ದಾಖಲೆಯಲ್ಲೂ ಹೆಸರಿರುವುದಿಲ್ಲ. ಚಹಾ ಕುಡಿದ, ಮಳೆಯ ಮಾತಾಡಿದ, ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಮೂರು ಟಕ್ಕೆ ಮಾಡಿಬಿಡಿ, ಮಾಲು ಹೋಗುತ್ತದೆ" ಎಂದ. ಟಕ್ಕೆ ಎಂದರೆ ಶೇಕಡ. ಈ ವ್ಯವಹಾರಕ್ಕೆ ನಮ್ಮ ಕಡೆ ಟಕ್ಕೆವಾರಿ ಎಂಬ ಹೆಸರೇ ಇದೆ. ಲಂಚ ಎಂದರೆ ಕಿವಿಗೆ ಕೆಟ್ಟದಾಗಿ ಕೇಳಿಸುತ್ತದೆ, ಟಕ್ಕೆವಾರಿ ಎಂದರೆ ಬ್ಯಾಂಕಿನ ಲೆಕ್ಕದ ಹಾಗಿರುತ್ತದೆ. ಮೂವತ್ತಾರು ಸಾವಿರ ರೂಪಾಯಿ. ಎರಡು ದಿನ ನಿದ್ದೆ ಕೆಡಿಸಿಕೊಂಡು, ಮೂರನೆಯ ದಿನ ಕೊಟ್ಟೆ. ಒಂದು ಡಬ್ಬಿಯ ತಳದಲ್ಲಿ ಕಾಗದದಲ್ಲಿ ಸುತ್ತಿದ ನೋಟು, ಮೇಲೆ ಅರ್ಧ ಕಿಲೋ ಕುಂದಾ. ಊರಿಗೆ ಬಂದ ನೆಂಟರ ಕೈಗೆ ಪ್ರೀತಿಯಿಂದ ಕೊಟ್ಟು ಕಳಿಸುವ ತಿನಿಸು ನಮ್ಮದು. ಅದು ಈ ಕೆಲಸಕ್ಕೂ ಒದಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಾಲ್ಕನೆಯ ದಿನ ಮಾಲು ಪಾಸಾಯಿತು. ತಿರಸ್ಕರಿಸಿದ ಅದೇ ಮಾಲು. ಪೆಟ್ಟಿಗೆಗೆ ಕಟ್ಟಿದ ಹಗ್ಗವನ್ನೂ ಯಾರೂ ಬಿಚ್ಚಲಿಲ್ಲ.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ನನ್ನ ನಿದ್ದೆ ಕೆಡಿಸಿದ್ದು ಇದರ ಮುಂದಿನ ಮಾತು. ಎರಡನೆಯ ಲಾಟಿನ ಕೆಲಸ ನಡೆದಿತ್ತು. ಬುಶ್‌ಗೆ ಇಂಗಾಲ ಉಣಿಸಿ ಮೇಲ್ಮೈ ಗಟ್ಟಿ ಮಾಡಲು ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಇಂಧನ ತಿನ್ನುವ ಕೆಲಸ ಅದು. ಕುಲುಮೆ ನೋಡಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರ, ನನಗಿಂತ ದೊಡ್ಡ ವಯಸ್ಸಿನವರು, ದೇವರಂಥ ಮನುಷ್ಯ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮಾಲಕರೇ, ಹೇಗೂ ಪಾಸಾಗುತ್ತದೆ. ಎರಡು ತಾಸು ಕಡಿಮೆ ಕಾಯಿಸಿದರೆ ನಿಮಗೂ ಉಳಿಯುತ್ತದೆ." ಅವರಿಗೆ ನನ್ನ ಸಾಲದ ಚಿಂತೆ. ನಾನು ಬೇಡ ಎಂದೆ. ಆದರೆ ಬೇಡ ಎನ್ನುವ ಮೊದಲು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ್ದೆ, ಎಷ್ಟು ಉಳಿಯುತ್ತದೆಂದು. ಕೊಟ್ಟ ಮೂವತ್ತಾರು ಸಾವಿರ ಮರಳಿ ಬರುತ್ತಿತ್ತು.

ನಾನು ಕೊಟ್ಟ ಹಣಕ್ಕೆ ಕೊಂಡದ್ದು ಒಂದು ಸಹಿಯನ್ನಲ್ಲ, ಇನ್ನು ಮುಂದೆ ಯಾರೂ ನೋಡುವುದಿಲ್ಲ ಎಂಬ ಭರವಸೆಯನ್ನು ಎಂದು ಆ ದಿನ ಅರ್ಥವಾಯಿತು. ಆ ಬುಶ್ ಹಾಕಿದ ಲಾರಿ ಯಾವ ಘಾಟಿನಲ್ಲಿ ಯಾರನ್ನು ಹೊತ್ತು ಹೋಗುತ್ತದೋ ನನಗೆ ಗೊತ್ತಿಲ್ಲ. ತಂದೆಗೆ ಈ ಸಂಗತಿ ಹೇಳಲಿಲ್ಲ. ಹೇಳದೆಯೇ ಅವರು ಹೋದರು.

ಲೇತ್ ಮುಂದೆ ನಿಲ್ಲುವವನು ದೊಡ್ಡ ಹಗರಣದ ಸುದ್ದಿಯನ್ನು ಸ್ವಲ್ಪ ಬೇರೆ ಕಣ್ಣಿನಿಂದ ಓದುತ್ತಾನೆ. 2017ರ ಜುಲೈಯಲ್ಲಿ ಸಿಬಿಐ ಒಂದು ಪ್ರಕರಣ ದಾಖಲಿಸಿತು. ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ತಯಾರಾಗುವ ಧನುಷ್ ಫಿರಂಗಿಗೆ ಜರ್ಮನಿಯದೆಂದು ಮುದ್ರೆ ಹೊತ್ತು ಬಂದ ವಿಶೇಷ ಬೇರಿಂಗ್‌ಗಳು ಚೀನಾದಲ್ಲಿ ತಯಾರಾದವು ಎಂಬುದು ಆರೋಪ. ಆರು ಬೇರಿಂಗ್, ಸುಮಾರು 53 ಲಕ್ಷ ರೂಪಾಯಿ. ಪೂರೈಸಿದವರ ಜೊತೆಗೆ ಕಾರ್ಖಾನೆಯ ಹೆಸರು ಗೊತ್ತಿಲ್ಲದ ಅಧಿಕಾರಿಗಳ ಮೇಲೂ ಸಂಚಿನ ಆರೋಪ ಹೊರಿಸಲಾಯಿತು. ಅಳತೆಯಲ್ಲಿ ವ್ಯತ್ಯಾಸ ಕಂಡರೂ ಆ ಬೇರಿಂಗ್‌ಗಳನ್ನು ಒಪ್ಪಿಕೊಳ್ಳಲಾಯಿತು ಎಂಬ ಮಾತು ಎಫ್‌ಐಆರ್‌ನಲ್ಲಿದೆ. ಆ ಸಾಲನ್ನು ಓದಿ ನಾನು ಪತ್ರಿಕೆ ಮಡಿಚಿಟ್ಟೆ. ನಮ್ಮ ಕಸುಬಿನಲ್ಲಿ ಕೂದಲೆಳೆಯ ಅರ್ಧದಷ್ಟು ವ್ಯತ್ಯಾಸ ಬಂದರೂ ಮಾಲು ಗುಜರಿಗೆ ಹೋಗುತ್ತದೆ. ಒಂದು ಫಿರಂಗಿಯ ಬೇರಿಂಗ್ ಅಳತೆ ತಪ್ಪಿಯೂ ಒಳಗೆ ಹೋಗಬೇಕಾದರೆ, ಎಲ್ಲೋ ಯಾವುದೋ ಪೆಟ್ಟಿಗೆಯ ಹಗ್ಗ ಬಿಚ್ಚದೆ ಉಳಿದಿದೆ ಎಂದೇ ನನ್ನಂಥವನಿಗೆ ಅನ್ನಿಸುವುದು. ನ್ಯಾಯಾಲಯ ಏನು ಹೇಳುತ್ತದೋ ಅದು ಬೇರೆ.

ಈ ಧನುಷ್ ಎಲ್ಲಿಂದ ಬಂತು ಎಂಬುದನ್ನು ತಾವು ನೆನಪಿಸಿಕೊಳ್ಳಬೇಕು. ಅದು ಬೊಫೋರ್ಸ್‌ನ ಮಗು. ಆ ಬೊಫೋರ್ಸ್ ಕಥೆಯಲ್ಲಿ ನಮ್ಮ ಜಿಲ್ಲೆಗೂ ಒಂದು ಪುಟವಿದೆ.

1986ರ ಮಾರ್ಚ್ 24ರಂದು ಸ್ವೀಡನ್ನಿನ ಬೊಫೋರ್ಸ್ ಕಂಪನಿಯೊಡನೆ 155 ಮಿಲಿಮೀಟರ್ ಫಿರಂಗಿಗಳಿಗಾಗಿ 1,437 ಕೋಟಿ ರೂಪಾಯಿಯ ಒಪ್ಪಂದವಾಯಿತು. 1987ರ ಏಪ್ರಿಲ್ 16ರಂದು ಸ್ವೀಡನ್ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. 64 ಕೋಟಿ ಎಂಬ ಅಂಕಿ ಆಮೇಲೆ ಹಳ್ಳಿಯ ಕಟ್ಟೆಗಳಲ್ಲೂ ಬಾಯಿಪಾಠವಾಯಿತು. ಆ ವರ್ಷ ಆಗಸ್ಟ್‌ನಲ್ಲಿ ಜಂಟಿ ಸಂಸದೀಯ ಸಮಿತಿ ರಚನೆಯಾದಾಗ ಅದರ ಅಧ್ಯಕ್ಷರಾದವರು ಬಿ. ಶಂಕರಾನಂದ, ಚಿಕ್ಕೋಡಿಯಿಂದ ಏಳು ಬಾರಿ ಲೋಕಸಭೆಗೆ ಹೋದವರು. ನಮ್ಮ ಮನೆಯಲ್ಲಿ ಆಗ ಹೆಮ್ಮೆಯೋ ಹೆಮ್ಮೆ. "ನಮ್ಮ ಚಿಕ್ಕೋಡಿಯವರು ವಿಚಾರಣೆ ಮಾಡುತ್ತಿದ್ದಾರೆ, ಕಳ್ಳನನ್ನು ಹಿಡಿಯುತ್ತಾರೆ" ಎಂದು ತಂದೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ವಿರೋಧ ಪಕ್ಷಗಳು ಆ ಸಮಿತಿಯಿಂದ ದೂರ ಉಳಿದವು. 1988ರಲ್ಲಿ ವರದಿ ಬಂತು. ಕಂಪನಿ ಕೆಲವರಿಗೆ ಹಣ ಕೊಟ್ಟದ್ದು ಹೌದು, ಆದರೆ ಅದು ಲಂಚ ಎನ್ನಲು ಪುರಾವೆ ಇಲ್ಲ ಎಂಬುದು ಅದರ ಸಾರ. ಸಮಿತಿಯೊಳಗಿದ್ದ ಆಲಡಿ ಅರುಣಾ ಎಂಬ ತಮಿಳುನಾಡಿನ ಸದಸ್ಯರೊಬ್ಬರು ಭಿನ್ನಮತ ಬರೆದರು. ತಂದೆ ರೇಡಿಯೊ ಆರಿಸಿ, ಹಿತ್ತಿಲಿಗೆ ಹೋಗಿ ಎಮ್ಮೆಗೆ ಮೇವು ಹಾಕಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಶಂಕರಾನಂದರು ಇಂದಿಲ್ಲ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೈಗೆ ಬಂದ ಕಾಗದಪತ್ರಗಳಲ್ಲಿ ಅವರಿಗೆ ಅಷ್ಟೇ ಕಂಡಿತೋ, ಅಷ್ಟನ್ನೇ ಕಾಣಬೇಕೆಂದು ಮೇಲಿನವರ ಇಚ್ಛೆ ಇತ್ತೋ, ನಾನು ಬಲ್ಲೆನೆಂದು ಹೇಳಲಾರೆ. ಆದರೆ ಜಿನೀವಾದಲ್ಲಿ ಕುಳಿತ ಚಿತ್ರಾ ಸುಬ್ರಹ್ಮಣ್ಯಂ ಎಂಬ ಪತ್ರಕರ್ತೆಗೆ ಸಿಕ್ಕ ದಾಖಲೆಗಳು ದೆಹಲಿಯಲ್ಲಿ ಕುಳಿತ ಇಡೀ ಸಮಿತಿಗೆ ಸಿಗಲಿಲ್ಲ ಎಂಬುದು ಮಾತ್ರ ಕಣ್ಣಿಗೆ ಕಾಣುವ ಸತ್ಯ. ಮರುವರ್ಷ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲ (ಸಿಎಜಿ) ಟಿ.ಎನ್. ಚತುರ್ವೇದಿಯವರ ವರದಿ ಬಂದು ವಿರೋಧ ಪಕ್ಷದ ಸದಸ್ಯರು ಸಾಲುಸಾಲಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಅದೇ ಚತುರ್ವೇದಿಯವರು ಮುಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿ ಬಂದರು. ಬೊಫೋರ್ಸನ್ನು ಒಳ್ಳೆಯದೆಂದು ಬರೆದವರೂ, ಕೆಟ್ಟದ್ದೆಂದು ಬರೆದವರೂ ಕರ್ನಾಟಕಕ್ಕೆ ಸಲ್ಲುವವರಾದರು. ಇದೂ ಒಂದು ತಮಾಷೆಯೇ.

ಮುಂದೆ ಆದದ್ದೇನು? ಮಧ್ಯವರ್ತಿ ಎನ್ನಲಾದ ಇಟಲಿಯ ಒಟ್ಟಾವಿಯೊ ಕ್ವಟ್ರೋಕಿ 1993ರಲ್ಲಿ ದೇಶ ಬಿಟ್ಟ. ಮಲೇಷ್ಯಾದಿಂದ ಕರೆತರಲಾಗಲಿಲ್ಲ, ಅರ್ಜೆಂಟೀನಾದಿಂದಲೂ ಆಗಲಿಲ್ಲ. 2011ರಲ್ಲಿ ದೆಹಲಿಯ ನ್ಯಾಯಾಲಯ ಅವನ ಮೇಲಿನ ಪ್ರಕರಣ ಮುಗಿಸಿತು, 2013ರಲ್ಲಿ ಅವನು ಸತ್ತ. 2004ರಲ್ಲಿ ದೆಹಲಿ ಹೈಕೋರ್ಟ್ ರಾಜೀವ್ ಗಾಂಧಿಯವರ ಮೇಲಿನ ಲಂಚದ ಆರೋಪಕ್ಕೆ ಆಧಾರವಿಲ್ಲವೆಂದಿತು. 2005ರ ಮೇ 31ರಂದು ಉಳಿದ ಪ್ರಮುಖ ಆರೋಪಿಗಳ ಮೇಲಿನ ಆರೋಪಗಳನ್ನೂ ರದ್ದುಪಡಿಸುತ್ತ, ಈ ತನಿಖೆಗೆ ಸುಮಾರು 250 ಕೋಟಿ ರೂಪಾಯಿ ಖರ್ಚಾಗಿದೆ ಎಂದು ಬೇಸರಪಟ್ಟುಕೊಂಡಿತು. 64 ಕೋಟಿಯ ಕಳ್ಳನನ್ನು ಹುಡುಕಲು 250 ಕೋಟಿ. ಕಳ್ಳ ಸಿಗಲಿಲ್ಲ. ಲಂಚ ಕೊಟ್ಟದ್ದಿದೆ, ತೆಗೆದುಕೊಂಡವರಿಲ್ಲ. ನಾನು ಕೊಟ್ಟ ಕುಂದಾ ಡಬ್ಬಿಯನ್ನಾದರೂ ಒಬ್ಬ ತೆಗೆದುಕೊಂಡಿದ್ದ.

ಇಷ್ಟೆಲ್ಲದರ ನಡುವೆ ನಿಜವಾಗಿ ಶಿಕ್ಷೆಯಾದದ್ದು ಒಂದಕ್ಕೆ, ಫಿರಂಗಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬೊಫೋರ್ಸ್ ಕಂಪನಿ ಕಪ್ಪುಪಟ್ಟಿಗೆ ಹೋಯಿತು, ಬಿಡಿಭಾಗಗಳಿಗೆ ತತ್ವಾರವಾಯಿತು. ಒಪ್ಪಂದದ ಪ್ರಕಾರ ನಮಗೆ ಬಂದಿದ್ದ ತಯಾರಿಕೆಯ ನಕ್ಷೆಗಳು ಕಪಾಟಿನಲ್ಲಿ ದಶಕಗಳ ಕಾಲ ಧೂಳು ತಿಂದವು. ಹೊಸ ಹೋವಿಟ್ಜರ್ ಫಿರಂಗಿಗಳ ಖರೀದಿಗೆ ಸಹಿ ಹಾಕಲು ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ, ಸುಮಾರು ಮೂವತ್ತು ವರ್ಷ. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಅದೇ ಫಿರಂಗಿ ಬೆಂಕಿ ಉಗುಳುವುದನ್ನು ಟಿವಿಯಲ್ಲಿ ನೋಡಿ ತಂದೆ ನನ್ನ ಕಡೆ ತಿರುಗಿ, "ಫಿರಂಗಿ ಒಳ್ಳೆಯದೇ ಇತ್ತಲ್ಲೋ ತಮ್ಮಾ" ಎಂದರು. ಹನ್ನೊಂದು ವರ್ಷದ ಮೇಲೆ ಅವರ ಬಾಯಿಂದ ಬೊಫೋರ್ಸ್ ಬಗ್ಗೆ ಬಂದ ಮೊದಲ ಮಾತು ಅದು. ಕಪಾಟಿನ ನಕ್ಷೆಗಳನ್ನು ಕೊನೆಗೂ ಕೆಳಗಿಳಿಸಿ ಮಾಡಿದ ಧನುಷ್‌ನ ಮೊದಲ ಆರು ಫಿರಂಗಿಗಳು ಸೇನೆಯ ಕೈಸೇರಿದ್ದು 2019ರ ಏಪ್ರಿಲ್‌ನಲ್ಲಿ. ಅಷ್ಟು ವರ್ಷ ಕಾದ ಮೇಲೆ ಅದಕ್ಕೆ ಸಿಕ್ಕ ಬೇರಿಂಗ್‌ಗಳ ಕಥೆಯನ್ನು ಮೇಲೆಯೇ ಹೇಳಿದ್ದೇನೆ.

ಇದೊಂದೇ ಆಗಿದ್ದರೆ ದುರದೃಷ್ಟ ಎನ್ನಬಹುದಿತ್ತು. ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿಯ ಜಲಾಂತರ್ಗಾಮಿಗಳ 1981ರ ಒಪ್ಪಂದದಲ್ಲಿ ಶೇಕಡ ಏಳರಷ್ಟು ದಲ್ಲಾಳಿ ಹಣದ ಮಾತು ಬಂತು, ಅದರ ತನಿಖೆಗೆ ಆದೇಶಿಸಿದ ಆಗಿನ ರಕ್ಷಣಾ ಸಚಿವ ವಿ.ಪಿ. ಸಿಂಗ್ ಸಂಪುಟ ಬಿಟ್ಟು ಹೊರನಡೆದರು. ಯಾರಿಗೂ ಶಿಕ್ಷೆಯಾಗಲಿಲ್ಲ, ಮುಂದಿನ ಎರಡು ಜಲಾಂತರ್ಗಾಮಿಗಳು ಮಾತ್ರ ರದ್ದಾದವು. ಮುಂಬೈಯ ಮಜಗಾಂವ್ ಹಡಗುಕಟ್ಟೆಯಲ್ಲಿ ಆ ಬೆಸುಗೆ ಕೆಲಸ ಕಲಿತಿದ್ದ ಕೈಗಳು ಖಾಲಿ ಕುಳಿತವು. ಬೆಸುಗೆಗಾರನ ಕೈ ವರ್ಷಗಟ್ಟಲೆ ಖಾಲಿ ಕುಳಿತರೆ ಏನಾಗುತ್ತದೆಂದು ಉದ್ಯಮಬಾಗದಲ್ಲಿ ಯಾರನ್ನಾದರೂ ಕೇಳಿ. ಅಗಸ್ಟಾ ವೆಸ್ಟ್‌ಲ್ಯಾಂಡ್ ಇನ್ನೊಂದು. ಗಣ್ಯರ ಓಡಾಟಕ್ಕೆಂದು 12 ಹೆಲಿಕಾಪ್ಟರ್, ಸುಮಾರು 3,600 ಕೋಟಿ, 2010ರ ಒಪ್ಪಂದ. ಹಾರಬೇಕಾದ ಎತ್ತರವನ್ನು 6,000 ಮೀಟರಿನಿಂದ 4,500ಕ್ಕೆ ಇಳಿಸಿದ್ದು ಯಾರಿಗಾಗಿ ಎಂಬುದು ಪ್ರಶ್ನೆ. ಮೂರು ಹೆಲಿಕಾಪ್ಟರ್ ಬಂದ ಮೇಲೆ 2014ರ ಜನವರಿ 1ರಂದು ಒಪ್ಪಂದ ರದ್ದಾಯಿತು. ವಾಯುಪಡೆಯ ಮಾಜಿ ಮುಖ್ಯಸ್ಥರೊಬ್ಬರು 2016ರಲ್ಲಿ ಬಂಧನಕ್ಕೊಳಗಾದರು, ಅವರು ಆರೋಪ ಅಲ್ಲಗಳೆದಿದ್ದಾರೆ. ದುಬೈಯಿಂದ 2018ರಲ್ಲಿ ಕರೆತಂದ ಬ್ರಿಟನ್ನಿನ ಮಧ್ಯವರ್ತಿಗೆ ಆರು ವರ್ಷ ಸೆರೆಯಲ್ಲಿಟ್ಟರೂ ವಿಚಾರಣೆ ಮುಗಿಯಲಿಲ್ಲ, 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು.

ಶಿಕ್ಷೆಯೇ ಆಗಿಲ್ಲವೇ ಎಂದರೆ, ಆಗಿದೆ. 2001ರ ಮಾರ್ಚ್‌ನಲ್ಲಿ ಪತ್ರಕರ್ತರು ಗುಪ್ತ ಕ್ಯಾಮೆರಾ ಹಿಡಿದು, ಇಲ್ಲದ ಕಂಪನಿಯ ಹೆಸರಿನಲ್ಲಿ, ಸೇನೆಗೆ ಮಾರುತ್ತೇವೆಂದು ಇಲ್ಲದ ಮಾಲು ಹಿಡಿದುಕೊಂಡು ದೆಹಲಿ ಸುತ್ತಿದರು. ಆಗಿನ ಬಿಜೆಪಿ ಅಧ್ಯಕ್ಷ ಬಂಗಾರು ಲಕ್ಷ್ಮಣ್ ಒಂದು ಲಕ್ಷ ರೂಪಾಯಿ ತೆಗೆದುಕೊಳ್ಳುವುದನ್ನು ದೇಶವೇ ನೋಡಿತು. ದೇಶ ಕಣ್ಣಾರೆ ಕಂಡದ್ದನ್ನು ನ್ಯಾಯಾಲಯ ಒಪ್ಪಲು ಹನ್ನೊಂದು ವರ್ಷ ಬೇಕಾಯಿತು. 2012ರಲ್ಲಿ ನಾಲ್ಕು ವರ್ಷದ ಶಿಕ್ಷೆ. ಅದೇ ಗುಪ್ತ ಕ್ಯಾಮೆರಾದ ಇನ್ನೊಂದು ಪ್ರಕರಣದಲ್ಲಿ ಸಮತಾ ಪಕ್ಷದ ಮಾಜಿ ಅಧ್ಯಕ್ಷೆ ಜಯಾ ಜೇಟ್ಲಿ ಮತ್ತಿಬ್ಬರಿಗೆ 2020ರಲ್ಲಿ ಶಿಕ್ಷೆಯಾಗಿ, ಅದೇ ದಿನ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ನಿಜವಾದ ಫಿರಂಗಿ, ನಿಜವಾದ ಹಡಗು, ನಿಜವಾದ ಹೆಲಿಕಾಪ್ಟರಿನ ವ್ಯವಹಾರಗಳಲ್ಲಿ ಸಿಗದ ಅಪರಾಧಿ ಬರೀ ನಾಟಕದ ವ್ಯವಹಾರದಲ್ಲಿ ಸಿಕ್ಕ. ನಾನು ಇದನ್ನು ಹೇಳಿದರೆ ಕಾರ್ಖಾನೆಯ ಹುಡುಗರು ನಗುತ್ತಾರೆ. ನಗುವ ಮಾತೇ.

ಯಾವ ಪಕ್ಷದವನು ಈತ ಎಂದು ತಾವು ಹುಡುಕುತ್ತಿದ್ದರೆ ದಯವಿಟ್ಟು ಶ್ರಮ ಪಡಬೇಡಿ. 1948ರಲ್ಲಿ ಲಂಡನ್ನಿನಲ್ಲಿ ಕುಳಿತು ಅಲ್ಲಿನ ಭಾರತದ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಸುಮಾರು 80 ಲಕ್ಷ ರೂಪಾಯಿಯ ಜೀಪುಗಳಿಗೆ ನಿಯಮ ಮೀರಿ ಸಹಿ ಹಾಕಿದರು. ಬಂದಿಳಿದದ್ದು 155 ಜೀಪು, ಅವೂ ಓಡುವ ಸ್ಥಿತಿಯಲ್ಲಿರಲಿಲ್ಲ. 1955ರಲ್ಲಿ ಸರ್ಕಾರ ಆ ಕಡತ ಮುಚ್ಚಿತು, 1957ರಲ್ಲಿ ಅದೇ ಮೆನನ್ ರಕ್ಷಣಾ ಸಚಿವರಾದರು. ಅಂದಿನಿಂದ ಇಂದಿನವರೆಗೆ ದೆಹಲಿಯಲ್ಲಿ ಯಾರು ಕುಳಿತರೂ, ಎದುರಿನವರ ಹಗರಣವನ್ನು ಚುನಾವಣೆಯವರೆಗೆ ಬೆಳಗಿ, ಗೆದ್ದ ಮೇಲೆ ಅದನ್ನು ಕಡತದಲ್ಲಿ ಮಲಗಿಸಿದ್ದಾರೆ. ನನ್ನ ತಕರಾರು ಆ ಮಲಗಿಸುವುದರ ಬಗ್ಗೆ.

2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ತಂದಿರಿ. ಅದಕ್ಕೆ ಮೊದಲು, ಲಂಚ ಕೊಟ್ಟವನು ಬಾಯಿಬಿಟ್ಟು ಸಾಕ್ಷಿ ಹೇಳಿದರೆ ಅವನಿಗೊಂದು ರಕ್ಷಣೆಯಿತ್ತು. ಅದನ್ನು ತೆಗೆದಿರಿ. ಈಗ ಕೊಟ್ಟವನೂ ಅಪರಾಧಿ, ಏಳು ವರ್ಷದವರೆಗೆ ಸಜೆ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ಪೊಲೀಸರಿಗೆ ತಿಳಿಸಬೇಕು, ಎಂಟನೆಯ ದಿನ ಹೋದರೆ ಆ ವಿನಾಯಿತಿ ಇಲ್ಲ. ತಪ್ಪೇನಿಲ್ಲ, ಕೊಡುವವನೂ ಪಾಪಿಯೇ, ನಾನೇ ಒಪ್ಪಿಕೊಂಡಿದ್ದೇನೆ. ಆದರೆ ಅದೇ ತಿದ್ದುಪಡಿಯಲ್ಲಿ 17ಎ ಎಂಬ ಕಲಮು ಸೇರಿಸಿ, ಅಧಿಕಾರಿಯ ತೀರ್ಮಾನದ ಮೇಲೆ ತನಿಖೆ ಶುರುಮಾಡಲಿಕ್ಕೇ ಮೇಲಿನವರ ಅಪ್ಪಣೆ ಬೇಕೆಂದು ಮಾಡಿದಿರಿ. ಅದೇ 2018ರ ನವೆಂಬರ್ 2ರಂದು ಬೊಫೋರ್ಸ್ ಪ್ರಕರಣದಲ್ಲಿ ಸಿಬಿಐ ಸಲ್ಲಿಸಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಾರಣ ವಿಳಂಬ. 90 ದಿನದಲ್ಲಿ ಹೋಗಬೇಕಾದದ್ದು ಹದಿಮೂರು ವರ್ಷಕ್ಕೆ ಹೋಗಿತ್ತು. ಉದ್ಯಮಬಾಗದ ಲೇತ್‌ನವನಿಗೆ ಏಳು ದಿನ, ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಗೆ ಹದಿಮೂರು ವರ್ಷ. ಆ ಹದಿಮೂರು ವರ್ಷದಲ್ಲಿ ಎರಡೂ ಬಣದ ಸರ್ಕಾರಗಳು ಇದ್ದವು. ತಡ ಮಾಡಿದವರು ಯಾರು, ಅವರಿಗೆ ಒಂದು ನೋಟಿಸಾದರೂ ಹೋಯಿತೇ ಎಂದು ತಮ್ಮಲ್ಲಿ ಯಾರೂ ಸದನದಲ್ಲಿ ಎದ್ದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ದೂರು ಕೊಡಬೇಕಿತ್ತು ಎಂದು ತಾವು ನನಗೆ ಹೇಳಬಹುದು. ಬಾಯಿಮಾತಿನಲ್ಲಿ ಹೇಳಿದ್ದೆ, ಆರ್ಡರ್ ಕೊಟ್ಟ ಕಂಪನಿಯ ಒಬ್ಬ ಹಿರಿಯರ ಬಳಿ. "ಬರೆದುಕೊಡಿ" ಎಂದರು. ಬರೆದುಕೊಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮರುವರ್ಷ, 2012ರ ಮಾರ್ಚ್‌ನಲ್ಲಿ, ಭೂಸೇನೆಯ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರು ತಮ್ಮ ಕಚೇರಿಯಲ್ಲೇ ತಮಗೆ 14 ಕೋಟಿ ರೂಪಾಯಿಯ ಆಮಿಷ ಒಡ್ಡಲಾಗಿತ್ತು ಎಂದರು, 600 ಕಳಪೆ ವಾಹನಗಳ ಕಡತ ದಾಟಿಸಲು. ನಮ್ಮದೇ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಂಎಲ್ ಜೋಡಿಸುತ್ತಿದ್ದ ಟಾಟ್ರಾ ಲಾರಿಗಳ ಗಲಾಟೆ ಅದು. ರಕ್ಷಣಾ ಸಚಿವ ಎ.ಕೆ. ಆಂಟನಿಯವರಿಗೆ ಜನರಲ್ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಕೇಳಿ ತಲೆ ಹಿಡಿದುಕೊಂಡು ಕುಳಿತೆ, ಆದರೆ ಲಿಖಿತವಾಗಿ ಏನೂ ಬರಲಿಲ್ಲ ಎಂದು ಆಂಟನಿಯವರು ರಾಜ್ಯಸಭೆಯಲ್ಲಿ ಹೇಳಿದರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಸೈನಿಕರ ದಂಡನಾಯಕನಿಗೇ ಬರೆದುಕೊಡುವುದು ಕಷ್ಟವಾಯಿತು. ಇನ್ನು ಸೊಸೈಟಿ ಸಾಲದ ಮೇಲೆ ನಿಂತವನ ಮಾತೇನು?

ಲಂಚದ ಹಣ ಹೋದರೆ ಹೋಗಲಿ, ಸರ್ಕಾರ ದೊಡ್ಡದು, ತಡೆದುಕೊಳ್ಳುತ್ತದೆ ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು ಮಹಾಲೇಖಪಾಲರ 2017ರ ವರದಿಯನ್ನು ತೋರಿಸುತ್ತೇನೆ. ಸೇನೆಯ ಮದ್ದುಗುಂಡಿನ ಬಗೆಗಳಲ್ಲಿ ಶೇಕಡ 40ರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲುವಷ್ಟಿರಲಿಲ್ಲ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ವರದಿಯಲ್ಲಿ ಸಿಯಾಚಿನ್‌ನಂಥ ಎತ್ತರದಲ್ಲಿರುವವರಿಗೆ ಹಿಮದ ಕನ್ನಡಕ, ಬೂಟುಗಳ ಕೊರತೆಯ ಮಾತಿದೆ, ಹಳೆಯ ಬೂಟನ್ನೇ ದುರಸ್ತಿ ಮಾಡಿ ಕೊಟ್ಟ ಉಲ್ಲೇಖವಿದೆ. ಇದೆಲ್ಲ ಲಂಚದಿಂದಲೇ ಆಯಿತೆಂದು ನಾನು ಹೇಳುತ್ತಿಲ್ಲ, ವರದಿಯೂ ಹಾಗೆ ಹೇಳಿಲ್ಲ. ಆದರೆ ಒಂದು ಹಗರಣ ಎದ್ದರೆ ಹತ್ತು ವರ್ಷ ಯಾವ ಅಧಿಕಾರಿಯೂ ಕಡತಕ್ಕೆ ಕೈ ಹಚ್ಚುವುದಿಲ್ಲ. ಸಹಿ ಹಾಕದಿದ್ದವನಿಗೆ ಎಂದೂ ಶಿಕ್ಷೆಯಾಗುವುದಿಲ್ಲವಲ್ಲ. ಆ ಖಾಲಿ ಹತ್ತು ವರ್ಷದಲ್ಲಿ ಹಳೆಯ ಬೂಟು ಹಾಕಿಕೊಂಡು ಹಿಮದಲ್ಲಿ ನಿಲ್ಲುವವನು ಮೂಡಲಗಿಯವನೋ, ಮುಧೋಳದವನೋ, ಇಂಡಿಯವನೋ ಆಗಿರುತ್ತಾನೆ.

ನಮ್ಮ ಊರುಗಳ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಸೇನಾ ಭರ್ತಿಯಲ್ಲಿ ಹುಡುಗ ಆಯ್ಕೆಯಾದನೆಂದರೆ ನೆರೆಮನೆಯವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಟ್ಟಿರಿ?" ಎಂಬುದು. ಬೆಳಗಿನ ನಾಲ್ಕಕ್ಕೆ ಎದ್ದು ಎರಡು ವರ್ಷ ಓಡಿದ ಹುಡುಗ ಆ ಪ್ರಶ್ನೆಗೆ ತಲೆ ತಗ್ಗಿಸುವುದನ್ನು ನಾನು ನೋಡಿದ್ದೇನೆ. ಕೊಡದೆ ಏನೂ ಆಗುವುದಿಲ್ಲ ಎಂದು ನಾವೇ ನಂಬಿಬಿಟ್ಟಿದ್ದೇವೆ, ಆ ನಂಬಿಕೆಯ ಮೇಲೆ ದಲ್ಲಾಳಿಗಳು ಮನೆ ಕಟ್ಟಿಕೊಂಡಿದ್ದಾರೆ. ಚುನಾವಣೆಗೆ ಸೈನಿಕರ ಚಿತ್ರ ಬಳಸಬಾರದೆಂದು 2019ರಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ತಿಳಿಹೇಳಬೇಕಾಯಿತು. ಸೈನಿಕನ ಚಿತ್ರದ ಮೇಲೆ ಇಷ್ಟು ಪ್ರೀತಿ ಇರುವವರಿಗೆ ಅವನ ಬೂಟಿನ ಟೆಂಡರ್ ಮೇಲೆ ಯಾಕಿಲ್ಲ ಎಂದು ಕೇಳಿದರೆ ಅಧಿಕಪ್ರಸಂಗವಾದೀತೇನೋ.

ಈಗ ನನ್ನ ಬೇಡಿಕೆ. ತಾವು ಐವರು. ಪಕ್ಷ ಯಾವುದಾದರೂ ಇರಲಿ, ಪ್ರಶ್ನೋತ್ತರ ವೇಳೆಯಲ್ಲಿ ಒಂದೇ ಪ್ರಶ್ನೆಯನ್ನು ಐವರೂ ಕೇಳಬೇಕು. ರಕ್ಷಣಾ ಖರೀದಿಗೆ ಸಂಬಂಧಿಸಿ ಸಿಬಿಐ ಇಂದಿನವರೆಗೆ ದಾಖಲಿಸಿದ ಪ್ರತಿಯೊಂದು ಪ್ರಕರಣದ ಎಫ್‌ಐಆರ್ ದಿನಾಂಕ, ಆರೋಪಪಟ್ಟಿಯ ದಿನಾಂಕ, ಅನುಮತಿ ಕೇಳಿದ್ದು ಯಾವಾಗ, ಸಿಕ್ಕಿದ್ದು ಯಾವಾಗ, ಈಗ ಯಾವ ಹಂತದಲ್ಲಿದೆ, ಮೇಲ್ಮನವಿಯ ಗಡುವು ಮೀರಿದ್ದರೆ ಅದಕ್ಕೆ ಹೊಣೆ ಯಾರು. ಒಂದು ಪಟ್ಟಿ, ಅಷ್ಟೇ. ಸದನದ ಮೇಜಿನ ಮೇಲಿಡಲಿ. ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಯತ್ನಿಸಬೇಕೆಂದು ಅದೇ 2018ರ ಕಾಯ್ದೆಯಲ್ಲಿ ಬರೆದಿದೆ. ಯತ್ನ ಎಲ್ಲಿಗೆ ಬಂತೆಂದು ಆ ಪಟ್ಟಿಯೇ ಹೇಳುತ್ತದೆ.

ಎರಡನೆಯದು ಫಿರಂಗಿಗೆ ಬರೆ ಹಾಕುವ ಚಾಳಿ. ಲಂಚ ಕೊಟ್ಟ ಕಂಪನಿಗೆ ದಂಡ ಹಾಕಿ, ಅದರ ಅಧಿಕಾರಿಗಳನ್ನು ಜೈಲಿಗೆ ಹಾಕಿ, ಹೊಸ ಗುತ್ತಿಗೆ ಕೊಡಬೇಡಿ. ಆದರೆ ಈಗಾಗಲೇ ಕೊಂಡ ಆಯುಧದ ಬಿಡಿಭಾಗವೂ, ದುರಸ್ತಿಯೂ, ನಕ್ಷೆಯೂ ನಿಲ್ಲಕೂಡದು ಎಂಬ ಮಾತನ್ನು ಪ್ರತಿ ಒಪ್ಪಂದದಲ್ಲೇ ಬರೆಸಿ. ಕಂಪನಿ ಕಪ್ಪುಪಟ್ಟಿಗೆ ಹೋದ ದಿನವೇ ಆ ನಕ್ಷೆ ಕಪಾಟಿನಿಂದ ಹೊರಬಂದು ಕಾರ್ಖಾನೆಗೆ ಹೋಗಬೇಕು. ಬೇಕಾದರೆ ಉದ್ಯಮಬಾಗಕ್ಕೆ ಕಳಿಸಿ. ಬೊಫೋರ್ಸ್‌ನ ನಕ್ಷೆ 1987ರಲ್ಲಿ ಇಲ್ಲಿಗೆ ಬಂದಿದ್ದರೆ ಇಲ್ಲಿನ ಎರಕದ ಮನೆಗಳು ಇಷ್ಟು ಹೊತ್ತಿಗೆ ಅದರ ಅರ್ಧ ಭಾಗಗಳನ್ನು ಮಾಡಿ ಕೊಡುತ್ತಿದ್ದವು. ಇದು ಜಂಬದ ಮಾತಲ್ಲ, ಬಂದು ನೋಡಿ.

ಕೊನೆಯದು ಸಣ್ಣದು, ನನ್ನಂಥವರದು. ದೊಡ್ಡ ಖರೀದಿಗಳಲ್ಲಿ ಪ್ರಾಮಾಣಿಕತೆಯ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ, ಅದರ ಮೇಲೆ ಕಣ್ಣಿಡಲು ಹೊರಗಿನ ಸ್ವತಂತ್ರ ಮೇಲ್ವಿಚಾರಕರೂ ಇರುತ್ತಾರೆ. ಆದರೆ ಆ ಸಹಿ ದೊಡ್ಡ ಕಂಪನಿಗೂ ಸಚಿವಾಲಯಕ್ಕೂ ನಡುವಿನದು. ಅದರ ಕೆಳಗೆ ಮೂರು ಮೆಟ್ಟಿಲು ಇಳಿದರೆ ನಾವಿದ್ದೇವೆ, ಸ್ಕೂಟರಿನವನು ಬರುವುದು ನಮ್ಮ ಬಾಗಿಲಿಗೆ. ಉಪಗುತ್ತಿಗೆದಾರನಿಗೂ ಆ ಮೇಲ್ವಿಚಾರಕರಿಗೆ ನೇರವಾಗಿ ಬರೆಯುವ ಹಕ್ಕು ಕೊಡಿಸಿ. ತಿರಸ್ಕರಿಸಿದ ಮಾಲಿಗೆ ಹದಿನೈದು ದಿನದಲ್ಲಿ ಬೇರೆ ಪ್ರಯೋಗಾಲಯದಲ್ಲಿ ಮರುಪರೀಕ್ಷೆಯಾಗಲಿ, ತಪಾಸಣೆಗೆ ಯಾರು ಬರುತ್ತಾರೆಂಬುದು ಚೀಟಿ ಎತ್ತಿ ತೀರ್ಮಾನವಾಗಲಿ. ಪಾಸಾದ ಮಾಲಿನ ಪೆಟ್ಟಿಗೆಯನ್ನೂ ಆಗಾಗ ಯಾರಾದರೂ ಬಿಚ್ಚಿ ನೋಡಲಿ. ಇದನ್ನು ಕೇಳುತ್ತಿರುವವನು ಮಾಲು ಮಾಡುವವನೇ.

ನಾನು ಬರೆದ ಈ ತಪ್ಪೊಪ್ಪಿಗೆಯನ್ನು ಹಿಡಿದು ಯಾವುದಾದರೂ ತನಿಖಾ ಸಂಸ್ಥೆ ನನ್ನ ಬಾಗಿಲಿಗೆ ಬಂದರೆ ಅಡ್ಡಿಯಿಲ್ಲ. ಆ ಪ್ರಯೋಗಾಲಯದ ವರದಿ, ತಿರಸ್ಕಾರದ ಪತ್ರ, ಪಾಸಾದ ಪತ್ರ ಮೂರೂ ಒಂದೇ ಫೈಲಿನಲ್ಲಿವೆ. ಜೊತೆಗೆ ಒಂದು ಬುಶ್ಶನ್ನೂ ಇಟ್ಟುಕೊಂಡಿದ್ದೇನೆ. ನಮ್ಮ ತಂದೆಯವರ ಪದಕಗಳ ಡಬ್ಬಿಯ ಪಕ್ಕದಲ್ಲೇ ಅದಕ್ಕೆ ಜಾಗ ಸಿಕ್ಕಿದೆ, ಪ್ರತಿ ಮಳೆಗಾಲದಲ್ಲಿ ಎಣ್ಣೆ ಸವರುತ್ತೇನೆ, ಇನ್ನೂ ತುಕ್ಕು ಹಿಡಿದಿಲ್ಲ. ಗಡಸುತನ ಪರೀಕ್ಷೆ ಮಾಡುವವರು ಯಾವಾಗ ಬೇಕಾದರೂ ಬರಬಹುದು. ಬುಧವಾರ ನಮ್ಮಲ್ಲಿ ಕರೆಂಟ್ ಹೋಗಿ ಯಂತ್ರಗಳು ನಿಲ್ಲುತ್ತವೆ, ಅಂದು ಬಂದರೆ ಮಾತಾಡಲು ಬಿಡುವೂ ಇರುತ್ತದೆ.

ತಮ್ಮ ವಿಶ್ವಾಸಿ,
ಉದ್ಯಮಬಾಗದ ಒಬ್ಬ ಲೇತ್ ಕೆಲಸಗಾರ
ಬೆಳಗಾವಿ